21 ದಿನಗಳ ನೋಟಿಸು



ಈ ದತ್ತಿ ಉಪನ್ಯಾಸವನ್ನು ಬೆಂಗಳೂರಿನ ಬಿಳೇಕಹಳ್ಳಿಯಲ್ಲೇ ಕೊಡಬೇಕೆಂದಾಗ ನನಗೆ ಸಂತೋಷವಾಯಿತು. ಇಲ್ಲಿಗೆ ಸಮೀಪದಲ್ಲೇ, ಬನ್ನೇರುಘಟ್ಟ ರಸ್ತೆಯ ಬದಿಗೆ ಐಐಎಂ ಇದೆ. 1973ರಲ್ಲಿ ಶುರುವಾದ ಸಂಸ್ಥೆ. ಬಿ. ವಿ. ದೋಶಿ ಅವರು ರೂಪಿಸಿದ ಆ ಕಲ್ಲಿನ ಕಟ್ಟಡಗಳಲ್ಲಿ ಕಲಿಸುವುದೇ ಸಂಸ್ಥೆಗಳನ್ನು ನಡೆಸುವ ವಿದ್ಯೆ. ನಾನು ಅಲ್ಲಿ ಓದಿದವನಲ್ಲ. ಬೇರೊಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಅಲ್ಲಿ ಕಂಡದ್ದರಿಂದಲೇ ಮಾತು ಶುರುಮಾಡುತ್ತೇನೆ.

ಒಂದು ಸೋಮವಾರ ಬೆಳಿಗ್ಗೆ ಹೋದರೆ ಮೇಜಿನ ಮೇಲೆ ಸುತ್ತೋಲೆ ಇತ್ತು: ಇಂದಿನಿಂದ ಹೊಸ ತಂತ್ರಾಂಶ, ಲೆಡ್ಜರ್ ಬಂದ್. ನನ್ನ ಪಕ್ಕದ ಮೇಜಿನ ಸಹಾಯಕಿಯ ಬಳಿ ಕಂದು ರಟ್ಟಿನ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಹಳೆಯ ಸಿಲಬಸ್ಸಿನಲ್ಲಿ ಫೇಲಾಗಿ ಹೊಸ ಸಿಲಬಸ್ಸಿನಲ್ಲಿ ಮತ್ತೆ ಪರೀಕ್ಷೆ ಕಟ್ಟಿದ ಮಕ್ಕಳಿಗೆ ಎರಡೆರಡು ನೋಂದಣಿ ಸಂಖ್ಯೆ. ಹಳೆಯದನ್ನು ಕೆಂಪು ಶಾಯಿಯಲ್ಲಿ, ಹೊಸದನ್ನು ನೀಲಿಯಲ್ಲಿ ಎದುರುಬದುರು ಬರೆದಿಟ್ಟಿದ್ದರು. ತಂತ್ರಾಂಶ ಮಾತ್ರ ಒಬ್ಬರಿಗೆ ಒಂದೇ ಸಂಖ್ಯೆ ಎಂದು ಹಟ ಹಿಡಿಯಿತು. ಫಲಿತಾಂಶ ಬಂದಾಗ ಪರೀಕ್ಷೆ ಬರೆದ ಮಕ್ಕಳ ಹೆಸರಿನ ಮುಂದೆ ‘ಗೈರುಹಾಜರು’ ಎಂದಿತ್ತು. ಕಿಂಡಿಯಲ್ಲಿ ನಿಂತ ತಂದೆತಾಯಿಗಳು ಬೈದದ್ದು ಆ ಸಹಾಯಕಿಯನ್ನು. ಸುತ್ತೋಲೆಗೆ ಸಹಿ ಹಾಕಿದವರ ಕೊಠಡಿ ಮೂರನೆಯ ಮಹಡಿಯಲ್ಲಿತ್ತು.

ನಾವು ಕಂಪ್ಯೂಟರಿಗೆ ಅಡ್ಡ ನಿಂತವರಲ್ಲ. ರಾತ್ರಿ ಹತ್ತರವರೆಗೆ ಅಂಕ ಕೂಡಿ ಕಣ್ಣು ಕೆಡಿಸಿಕೊಂಡವರಿಗೆ ಅದು ಬೇಕೇ ಇತ್ತು. ನಮ್ಮನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೇ.

ಈ ಒಂದು ಮಾತಿಗೆ ನಮ್ಮ ದೇಶದಲ್ಲಿ ದೊಡ್ಡ ಚರಿತ್ರೆಯಿದೆ; ಅದು ಶುರುವಾಗುವುದು ವಿಶ್ವವಿದ್ಯಾಲಯದ ನೌಕರರಿಗೆ ಕಾರ್ಮಿಕ ಕಾನೂನು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯಿಂದ. ದೆಹಲಿ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿನಿಯರಿಗಾಗಿ ಬಸ್ಸು ಓಡಿಸುತ್ತಿತ್ತು. ನಷ್ಟವೆಂದು ಅದನ್ನು ನಿಲ್ಲಿಸಿ ಚಾಲಕ ರಾಮನಾಥ್ ಅವರನ್ನು ಕೆಲಸದಿಂದ ತೆಗೆಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1963ರಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರ್ ಬರೆದ ತೀರ್ಪಿನಂತೆ ವಿಶ್ವವಿದ್ಯಾಲಯ ‘ಉದ್ಯಮ’ವೇ ಅಲ್ಲ, ಶಿಕ್ಷಣವೆಂಬ ಕಾರ್ಯದಲ್ಲಿ ಕೆಳಹಂತದ ಸಿಬ್ಬಂದಿಯ ಪಾತ್ರ ತೀರ ಗೌಣ. ಹಾಗಾಗಿ ಉದ್ಯಮಗಳಿಗಷ್ಟೇ ಅನ್ವಯಿಸುತ್ತಿದ್ದ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ಚಾಲಕರಿಗೆ ಸಿಗಲಿಲ್ಲ. ಬಸ್ಸು ಬಾರದೆ ತರಗತಿಗೆ ತಲುಪದ ಹುಡುಗಿಗೆ ಆ ಚಾಲಕ ಗೌಣನೇ? ನನಗೆ ಇಂದಿಗೂ ಅದು ಒಪ್ಪಿಗೆಯಾಗಿಲ್ಲ.

ಆ ತೀರ್ಪನ್ನು ಬದಿಗೆ ಸರಿಸಿದ್ದು ನಮ್ಮ ಬೆಂಗಳೂರಿನ ಮೊಕದ್ದಮೆ. ಜಲಮಂಡಳಿಯು ದುರ್ನಡತೆಯ ಆರೋಪ ಹೊರಿಸಿ ಕೆಲವು ನೌಕರರಿಗೆ ದಂಡ ಹಾಕಿ ವಸೂಲು ಮಾಡಿತ್ತು. ಎ. ರಾಜಪ್ಪ ಮತ್ತಿತರರು 1972ರಲ್ಲಿ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿದರು. ನಾವು ಉದ್ಯಮವಲ್ಲ ಎಂದು ಮಂಡಳಿ ವಾದಿಸಿತು. ದಂಡದ ಚಿಲ್ಲರೆ ದುಡ್ಡಿನ ತಕರಾರು ಬೆಳೆದು ಬೆಳೆದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 1978ರ ಫೆಬ್ರವರಿ 21ರಂದು ತೀರ್ಪು. ಮುಖ್ಯ ಬರಹ ವಿ. ಆರ್. ಕೃಷ್ಣ ಅಯ್ಯರ್ ಅವರದು. ಮಾಲೀಕ–ನೌಕರರ ಸಹಕಾರದಿಂದ ಜನರ ಅಗತ್ಯ ಪೂರೈಸುವ ವ್ಯವಸ್ಥಿತ ಕೆಲಸವೆಲ್ಲ ಉದ್ಯಮವೇ; ಲಾಭ ಇರಲಿ, ಇಲ್ಲದಿರಲಿ. ವಿಶ್ವವಿದ್ಯಾಲಯವೂ ಅದರೊಳಗೆ ಬಂತು. ನಲ್ಲಿ ನೀರಿನ ಕೆಲಸಗಾರರು ತಮಗೆ ಗೊತ್ತಿಲ್ಲದೆಯೇ ದೇಶದ ಎಲ್ಲ ವಿಶ್ವವಿದ್ಯಾಲಯಗಳ ಗುಮಾಸ್ತರಿಗೆ, ಮಾಲಿಗಳಿಗೆ, ಚಾಲಕರಿಗೆ ಬಾಗಿಲು ತೆರೆದುಕೊಟ್ಟರು.

ಆ ಬಾಗಿಲಿನ ಒಳಗಿದ್ದದ್ದು ಕಾಯ್ದೆಯ 9ಎ ಕಲಮು. ವೇತನ, ಕೆಲಸದ ಅವಧಿ, ಪಾಳಿ, ಕೆಲಸ ಕಳೆಯಬಹುದಾದ ಹೊಸ ತಂತ್ರ, ಇಂಥ ವಿಷಯಗಳಲ್ಲಿ ಬದಲಾವಣೆ ತರುವ ಮೊದಲು ನೌಕರರಿಗೆ ನೋಟಿಸು ಕೊಡಬೇಕಿತ್ತು, 21 ದಿನ ಕಾಯಬೇಕಿತ್ತು. ಅದು ಮಾತುಕತೆಗೆ ಸಿಗುತ್ತಿದ್ದ ಸಮಯ. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 43ಎ ವಿಧಿ ಇನ್ನೂ ಮುಂದೆ ಹೋಗಿ, ಆಡಳಿತದಲ್ಲೇ ಕಾರ್ಮಿಕರಿಗೆ ಪಾಲು ಸಿಗುವಂತೆ ಮಾಡಬೇಕೆಂದು ಸರ್ಕಾರಕ್ಕೆ ಹೇಳಿತು. ಅದು ನಿರ್ದೇಶಕ ತತ್ತ್ವ. ಕೋರ್ಟಿನಲ್ಲಿ ಹಕ್ಕೆಂದು ಕೇಳುವಂತಿಲ್ಲ.

ಇಲ್ಲೊಂದು ಅಸಮತೋಲನ ಇದೆ. 1988ರ ಸುಂದರಂಬಾಳ್ ಪ್ರಕರಣದಲ್ಲಿ ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ‘ಕೆಲಸಗಾರ’ರಲ್ಲ ಎಂದು ತೀರ್ಪಾಯಿತು. ಆದರೆ ಅಧಿಕಾರ ಮಂಡಳಿಗಳಲ್ಲಿ ಅವರಿಗೆ ಜಾಗವಿದೆ. 2017ರ ಐಐಎಂ ಕಾಯ್ದೆಯನ್ನೇ ತೆಗೆದುಕೊಳ್ಳಿ: ಆಡಳಿತ ಮಂಡಳಿಯಲ್ಲಿ ಬೋಧಕರಿಗೆ ಎರಡು ಸ್ಥಾನ, ಬೋಧಕೇತರರಿಗೆಂದು ಒಂದೂ ಇಲ್ಲ. ಪ್ರಾಧ್ಯಾಪಕರಿಗೆ ಕುರ್ಚಿಯಿದೆ, 21 ದಿನ ಇಲ್ಲ. ಗುಮಾಸ್ತನಿಗೆ 21 ದಿನ ಇತ್ತು, ಕುರ್ಚಿಯಿಲ್ಲ. ಹೊರಗುತ್ತಿಗೆಯಲ್ಲಿ ಬಂದು ಗೇಟು ಕಾಯುವ, ಶೌಚಾಲಯ ತೊಳೆಯುವ ಹೆಂಗಸಿಗೆ ಏಜೆನ್ಸಿ ಬದಲಾದ ಸುದ್ದಿ ಗುರುತಿನ ಚೀಟಿ ವಾಪಸು ಕೇಳಿದಾಗಲೇ ತಿಳಿಯುವುದು. ಇಂದು ಕ್ಯಾಂಪಸ್ಸುಗಳ ದಿನನಿತ್ಯದ ಭಾರ ಹೊತ್ತವರು ಅವರೇ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗದಲ್ಲಿ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಯಲ್ಲಿದೆ. 21 ದಿನಗಳ ನೋಟಿಸು ಅದರಲ್ಲೂ ಉಳಿದಿದೆ. 20 ಕೆಲಸಗಾರರಿದ್ದರೆ ಕುಂದುಕೊರತೆ ಸಮಿತಿ ಬೇಕು, ಎರಡೂ ಕಡೆಯವರು ಸಮಸಂಖ್ಯೆಯಲ್ಲಿರಬೇಕು. ಆದರೆ ದಾನಧರ್ಮ, ಸಮಾಜಸೇವೆಯ ಸಂಸ್ಥೆಗಳನ್ನು ‘ಉದ್ಯಮ’ದಿಂದ ಹೊರಗಿಟ್ಟಿದ್ದಾರೆ. ನಾವು ನಡೆಸುವುದು ಸೇವೆ ಎಂದು ವಿದ್ಯಾಸಂಸ್ಥೆಗಳು ವಾದಿಸಿದರೆ, ರಾಜಪ್ಪನವರ ಕಾಲದ ಪ್ರಶ್ನೆಗೆ ಮತ್ತೆ ಉತ್ತರ ಹುಡುಕಬೇಕಾಗುತ್ತದೆ. ನೌಕರರನ್ನು ಕೇಳುವ ಕ್ರಮ ಬೇರೆಡೆ ಇದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೌಕರರೇ ಆರಿಸಿದ ಸಿಬ್ಬಂದಿ ಮಂಡಳಿ ಇರುತ್ತದೆ; ಹೊಸ ತಾಂತ್ರಿಕ ವ್ಯವಸ್ಥೆ ನೌಕರರ ಮೇಲೆ ಕಣ್ಣಿಡುವಂಥದ್ದಾದರೆ ಆಡಳಿತವು ಆ ಮಂಡಳಿಯೊಡನೆ ಕೂತು ಇತ್ಯರ್ಥ ಮಾಡಿಕೊಳ್ಳಬೇಕು. ನಮ್ಮ ಸಂಘಗಳು ಇಷ್ಟು ಕಾಲ ಬಡ್ತಿ, ತುಟ್ಟಿಭತ್ಯೆಗಳಿಗೆ ಹೋರಾಡಿದವು. ಅದು ಸರಿಯೇ. ಆದರೆ ಹೊಸ ತಂತ್ರಾಂಶದ ಟೆಂಡರು ಕರೆಯುವ ಮೊದಲೇ ಅದರ ಕರಡನ್ನು ನಮ್ಮ ಮುಂದಿಡಿ ಎಂದು ಪಟ್ಟು ಹಿಡಿದದ್ದನ್ನು ನನ್ನ ಸೇವಾವಧಿಯಲ್ಲಿ ಒಮ್ಮೆಯೂ ಕಾಣಲಿಲ್ಲ. ನಮ್ಮ ಸಂಘದ ಸದಸ್ಯನಾಗಿದ್ದ ನಾನೂ ಕೇಳಲಿಲ್ಲ.

ನಮ್ಮ ವಿಭಾಗದ ಗೊಂದಲ ಮುಗಿದದ್ದು ಮೂರನೆಯ ವಾರ. ತಂತ್ರಾಂಶ ಬರೆದ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ತಾನೇ ಕೆಳಗಿಳಿದು ಬಂದು ಸಹಾಯಕಿಯ ಪಕ್ಕ ಸ್ಟೂಲು ಎಳೆದು ಕೂತ. ಅವರು ಕಂದು ನೋಟ್‌ಬುಕ್ ಬಿಚ್ಚಿದರು. ಕೆಂಪು ಯಾವುದು, ನೀಲಿ ಯಾವುದು ಎಂದು ಆತ ಕೇಳಿದ. ಮಧ್ಯಾಹ್ನದ ಊಟಕ್ಕೂ ಏಳದೆ ಇಬ್ಬರೂ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದುತ್ತಾ ಹೋದರು.