ಹವ್ಯಾಸಿಗಳ ಕ್ರಮವಿಧಿ ಭಂಡಾರಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಾಠ)



ಕನ್ನಡ ಪಂಡಿತನೊಬ್ಬನು ಗಣಕಯಂತ್ರದ ವಿಷಯವನ್ನೆತ್ತಿಕೊಂಡು ಈ ವೇದಿಕೆಯ ಮೇಲೆ ನಿಲ್ಲುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಹಳಗನ್ನಡ ಕಾವ್ಯವನ್ನೋ ಛಂದಸ್ಸನ್ನೋ ಕುರಿತು ನಾಲ್ಕು ಮಾತನಾಡುವುದು ನನ್ನ ವೃತ್ತಿಗೆ ಒಪ್ಪುವಂಥದು. ಆದರೆ ನಾನು ಹೇಳಹೊರಟಿರುವುದೂ ಪಾಠಗಳ ಸಂಗತಿಯೇ. ಯಾರೋ ಬರೆದುದನ್ನು ಮತ್ತಾರೋ ಪ್ರತಿಮಾಡಿಕೊಂಡು, ತಿದ್ದಿ, ಇನ್ನೊಬ್ಬರಿಗೆ ದಾಟಿಸಿದ ಕಥೆಯಿದು. ಓಲೆಗರಿಗಳ ಸ್ಥಾನದಲ್ಲಿ ಇಲ್ಲಿ ಫ್ಲಾಪಿ ಡಿಸ್ಕುಗಳಿವೆ.

೧೯೭೫ರ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ ೮೮೦೦ ಎಂಬ ಗಣಕದ ಚಿತ್ರ ಪ್ರಕಟವಾಯಿತು. ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾದ ಯಂತ್ರವದು. ಆ ವರ್ಷದ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿ, ಸದಸ್ಯರೊಬ್ಬರ ಮೋಟಾರು ಷೆಡ್ಡಿನಲ್ಲಿ, 'ಹೋಂಬ್ರೂ ಕಂಪ್ಯೂಟರ್ ಕ್ಲಬ್' ಎಂಬ ಹವ್ಯಾಸಿಗಳ ಕೂಟ ಮೊದಲ ಸಲ ಸೇರಿತು. ಮೈಕ್ರೋಸಾಫ್ಟಿನವರು ಆ ಯಂತ್ರಕ್ಕಾಗಿ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದರು; ಅದು ರಂಧ್ರಗಳನ್ನು ಕೊರೆದ ಕಾಗದದ ಸುರುಳಿಯಲ್ಲಿ ಮಾರಾಟವಾಗತೊಡಗಿತು. ಹವ್ಯಾಸಿಗಳಾದರೋ ಒಂದು ಸುರುಳಿಯಿಂದ ಹಲವು ಪ್ರತಿಗಳನ್ನು ಮಾಡಿ ತಮ್ಮಲ್ಲಿಯೇ ಹಂಚಿಕೊಂಡರು. ಆಗ ಇಪ್ಪತ್ತು ವರ್ಷದ ತರುಣರಾಗಿದ್ದ ಬಿಲ್ ಗೇಟ್ಸರು ೧೯೭೬ರ ಫೆಬ್ರವರಿಯಲ್ಲಿ ಬಹಿರಂಗ ಪತ್ರವೊಂದನ್ನು ಬರೆದರು. ಆಲ್ಟೇರ್ ಇಟ್ಟುಕೊಂಡವರಲ್ಲಿ ನೂರಕ್ಕೆ ಹತ್ತು ಮಂದಿಯೂ ಬೇಸಿಕ್ಕನ್ನು ಹಣ ಕೊಟ್ಟು ಕೊಂಡಿಲ್ಲವೆಂದೂ, ಹೀಗಾದರೆ ಒಳ್ಳೆಯ ಕ್ರಮವಿಧಿಗಳನ್ನು ಬರೆಯುವ ಶ್ರಮಕ್ಕೆ ಯಾರು ಕೈಹಾಕುವರೆಂದೂ ಆಕ್ಷೇಪಿಸಿದರು. ಇದನ್ನು ಲೋಭಿಯ ಮಾತೆಂದು ತಳ್ಳಿಹಾಕುವುದು ಸುಲಭ; ನನಗೆ ಮಾತ್ರ ಅದರಲ್ಲಿ ನ್ಯಾಯವಿದೆಯೆಂದೇ ತೋರುತ್ತದೆ. ನಮ್ಮ ಪ್ರಾಚೀನ ಕವಿಗಳಿಗಾದರೆ ರಾಜಾಶ್ರಯವಿದ್ದಿತು.

ಅದೇ ೧೯೭೬ರಲ್ಲಿ ಹೊರಟ 'ಡಾಕ್ಟರ್ ಡಾಬ್ಸ್ ಜರ್ನಲ್' ಪತ್ರಿಕೆ ಬೇರೊಂದು ದಾರಿಯನ್ನು ಹಿಡಿಯಿತು. 'ಟೈನಿ ಬೇಸಿಕ್' ಎಂಬ ಕಿರುಭಾಷೆಯ ಆಜ್ಞೆಗಳನ್ನೆಲ್ಲ ಅದು ಅಚ್ಚುಮಾಡಿ ಹಂಚಿತು. ಲೀ-ಚೆನ್ ವಾಂಗ್ ಅವರು ಸಿದ್ಧಪಡಿಸಿದ ಪಾಠದ ತಲೆಬರಹದಲ್ಲಿ, ಹಕ್ಕುಗಳನ್ನು ಕಾದಿರಿಸಿದೆ ಎಂಬ ರೂಢಿಯ ಒಕ್ಕಣೆಯನ್ನು ತಲೆಕೆಳಗು ಮಾಡಿದ ವಿನೋದವೂ ಇತ್ತು. ಆದರೆ ಅಚ್ಚಾದುದನ್ನು ನೋಡಿಕೊಂಡು ಟೈಪು ಮಾಡುವವನು ಒಂದು ಅಲ್ಪವಿರಾಮವನ್ನು ಬಿಟ್ಟರೂ ಯಂತ್ರ ಕೆಲಸ ಮಾಡದು. ಒತ್ತಕ್ಷರ ಬಿಟ್ಟ ವಿದ್ಯಾರ್ಥಿಗೆ ನಾವು ಅರ್ಧ ಅಂಕವನ್ನಾದರೂ ಕೊಡುತ್ತೇವೆ. ಗಣಕದಲ್ಲಿ ಅಂಥ ದಾಕ್ಷಿಣ್ಯವಿಲ್ಲ.

ಈ ಎರಡು ದಾರಿಗಳ ನಡುವೆ ಮೂರನೆಯದೊಂದು ೧೯೮೨ರಲ್ಲಿ ಕಾಣಿಸಿಕೊಂಡಿತು. ಐಬಿಎಂ ಸಂಸ್ಥೆಯ ನೌಕರರಾಗಿದ್ದ ಜಿಮ್ ನಾಫ್ ಅವರು 'ಪಿಸಿ-ಫೈಲ್' ಎಂಬ ಕ್ರಮವಿಧಿಯನ್ನೂ, ಆಂಡ್ರೂ ಫ್ಲೂಗಲ್ಮನ್ ಅವರು 'ಪಿಸಿ-ಟಾಕ್' ಎಂಬುದನ್ನೂ ಲೋಕಕ್ಕೆ ಬಿಟ್ಟರು. ಪ್ರತಿಮಾಡಿಕೊಳ್ಳಿರಿ, ಸ್ನೇಹಿತರಿಗೂ ಕೊಡಿರಿ, ಉಪಯುಕ್ತವೆನಿಸಿದರೆ ಹಣ ಕಳಿಸಿರಿ ಎಂಬುದು ಅವರ ಬಿನ್ನಹ. ಮರುವರ್ಷ ಬಾಬ್ ವ್ಯಾಲೇಸ್ ಅವರು 'ಪಿಸಿ-ರೈಟ್' ಎಂಬ ಬರವಣಿಗೆಯ ಸಾಧನವನ್ನು ಇದೇ ರೀತಿಯಲ್ಲಿ ಹಂಚಿದರು. ನೋಂದಣಿಗೆ ೭೫ ಡಾಲರು. ನೋಂದಾಯಿಸಿಕೊಂಡವನು ಹಂಚಿದ ಪ್ರತಿಯನ್ನು ಪಡೆದು ಇನ್ನೊಬ್ಬನು ನೋಂದಾಯಿಸಿಕೊಂಡರೆ ಹಂಚಿದವನಿಗೆ ೨೫ ಡಾಲರು ಮರಳುತ್ತಿತ್ತು. ಪ್ರತಿಮಾಡುವವನು ಕಳ್ಳನೆಂಬುದು ಹೋಗಿ, ಅವನು ವ್ಯಾಪಾರದ ಪಾಲುದಾರನೇ ಆದನು. ಈ ವ್ಯಾಲೇಸರು ಮೈಕ್ರೋಸಾಫ್ಟಿನ ಆರಂಭದ ನೌಕರರಲ್ಲೊಬ್ಬರಾಗಿದ್ದರೆಂಬುದು ಗಮನಿಸತಕ್ಕ ಸಂಗತಿ. ಇಂಥ ಹಂಚಿಕೆಗೆ 'ಶೇರ್‌ವೇರ್' ಎಂಬ ಹೆಸರು ನೆಲೆನಿಂತಿತು.

ಇಲ್ಲಿಯವರೆಗೆ ಹೇಳಿದ್ದು ಬಹುಮಟ್ಟಿಗೆ ಬಳಕೆಗೆ ಸಿದ್ಧವಾದ ಕ್ರಮವಿಧಿಗಳ ಮಾತು. ನನಗೆ ಹೆಚ್ಚು ಕುತೂಹಲವನ್ನುಂಟುಮಾಡಿದವು ಭಂಡಾರಗಳು, ಎಂದರೆ ಕ್ರಮವಿಧಿ ಬರೆಯುವವನಿಗೆಂದೇ ಬರೆದಿಟ್ಟ ಬಿಡಿ ತುಣುಕುಗಳ ಸಂಗ್ರಹಗಳು. ಅಂದಿನ ಗಣಕದ ಪರದೆಯಲ್ಲಿ ಸಾಲಿಗೆ ೮೦ ಅಕ್ಷರಗಳಂತೆ ೨೫ ಸಾಲುಗಳು. ಒಂದೊಂದು ಸ್ಥಾನಕ್ಕೆ ಎರಡು ಬೈಟುಗಳು, ಒಂದು ಅಕ್ಷರಕ್ಕೆ, ಇನ್ನೊಂದು ಅದರ ಬಣ್ಣಕ್ಕೆ. ಅಂತೂ ಇಡೀ ಪರದೆ ೪,೦೦೦ ಬೈಟುಗಳಲ್ಲಿ ಅಡಗುತ್ತಿತ್ತು. ಯಂತ್ರದ ವಿಧಿವತ್ತಾದ ಮಾರ್ಗದಲ್ಲಿ ಬರೆದರೆ ಅಕ್ಷರಗಳು ಆಮೆಯ ನಡಿಗೆಯಲ್ಲಿ ಬರುತ್ತಿದ್ದವು. ಸ್ಮೃತಿಕೋಶದ ಆ ಭಾಗಕ್ಕೆ ನೇರವಾಗಿ ಬರೆದರೆ ಕಣ್ಣೆವೆಯಿಕ್ಕುವುದರೊಳಗೆ ಮೂಡುತ್ತಿದ್ದವು. ಈ ಉಪಾಯವನ್ನು ಪ್ರತಿಯೊಬ್ಬ ಹವ್ಯಾಸಿಯೂ ಹೊಸದಾಗಿ ಕಂಡುಹಿಡಿಯಬೇಕೆ? ಬಲ್ಲವನೊಬ್ಬನು ಬರೆದು ಭಂಡಾರದಲ್ಲಿಟ್ಟರೆ ಉಳಿದವರು ಹೆಸರು ಹೇಳಿ ಕರೆದರೆ ಸಾಕು. ಚೌಕಟ್ಟು ಎಳೆಯುವುದು, ಪಟ್ಟಿಯಿಂದ ಆರಿಸುವುದು, ಅಕಾರಾದಿಯಾಗಿ ಜೋಡಿಸುವುದು, ಎರಡು ತಾರೀಕುಗಳ ನಡುವಣ ದಿನಗಳನ್ನೆಣಿಸುವುದು, ಎಲ್ಲವೂ ಅಲ್ಲಿ ದೊರೆಯುತ್ತಿದ್ದವು. ಪಾಸ್ಕಲ್ ಭಾಷೆಯವರಿಗೆ 'ಟೆಕ್ನೋಜಾಕ್ಸ್ ಟರ್ಬೊ ಟೂಲ್‌ಕಿಟ್', ಬೇಸಿಕ್ ಭಾಷೆಯವರಿಗೆ 'ಬಾಸ್‌ವಿಜ್' ಮೊದಲಾದವು ಶೇರ್‌ವೇರ್ ಆಗಿಯೇ ಹರಡಿದವು. ಸಿ ಭಾಷೆಯವರದಾದ 'ಸಿ ಯೂಸರ್ಸ್ ಗ್ರೂಪ್' ಎಂಬ ಬಳಗ ಕಾನ್ಸಾಸ್ ಪ್ರಾಂತದಿಂದ ಡಿಸ್ಕುಗಳನ್ನು ಸಂಪುಟ ಸಂಪುಟವಾಗಿ ಅಂಚೆಯಲ್ಲಿ ಕಳಿಸುತ್ತಿತ್ತು.

ಇಂಥ ತುಣುಕುಗಳ ಮೊದಲಲ್ಲಿ ಬರೆದವನ ಹೆಸರು, ತಾರೀಕು, ಇದು ಮಾಡುವ ಕೆಲಸವೇನು, ಹಿಂದಿನ ಪಾಠದಲ್ಲಿ ಯಾವ ದೋಷವಿತ್ತು, ಅದನ್ನು ತೋರಿಸಿಕೊಟ್ಟವರಾರು ಎಂಬ ವಿವರಗಳನ್ನು ಬರೆಯುವುದು ವಾಡಿಕೆಯಾಗಿತ್ತು. ನಮ್ಮ ಓಲೆಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಸಂವತ್ಸರ ತಿಥಿಗಳನ್ನೂ ನಮೂದಿಸಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದುಂಟಷ್ಟೆ. ಅದಕ್ಕೂ ಇದಕ್ಕೂ ಬಾಂಧವ್ಯವಿದೆಯೆಂದು ನನ್ನ ಭಾವನೆ.

ಆದರೆ ತಿದ್ದಬೇಕಾದರೆ ಪಾಠ ಕೈಯಲ್ಲಿರಬೇಕು. ಮನುಷ್ಯರು ಓದಬಹುದಾದ ರೂಪದಲ್ಲಿ ಬರೆದುದಕ್ಕೆ 'ಸೋರ್ಸ್ ಕೋಡ್' ಎನ್ನುತ್ತಾರೆ, ನಾವು ಮೂಲಪಾಠವೆನ್ನೋಣ. ಅದನ್ನು ಕಂಪೈಲರು ಎಂಬ ಸಾಧನ ಯಂತ್ರಕ್ಕೆ ಮಾತ್ರ ತಿಳಿಯುವ ರೂಪಕ್ಕೆ ತಿರುಗಿಸುತ್ತದೆ. ಕೆಲವರು ಮೂಲಪಾಠವನ್ನೇ ಕೊಟ್ಟರು. ಇನ್ನು ಕೆಲವರು ಯಂತ್ರರೂಪವನ್ನು ಮಾತ್ರ ಹಂಚಿ, ಹಣ ಕಳಿಸಿದವರಿಗೆ ಮೂಲಪಾಠವೆಂದರು. ಹೊಟ್ಟೆಪಾಡಿನ ದೃಷ್ಟಿಯಿಂದ ಇದು ತಪ್ಪಲ್ಲ. ಆದರೂ ಕಾಲವು ಈ ಇಬ್ಬರ ಭಂಡಾರಗಳನ್ನೂ ಒಂದೇ ರೀತಿ ನಡೆಸಿಕೊಳ್ಳಲಿಲ್ಲ.

ಬೋರ್ಲೆಂಡ್ ಸಂಸ್ಥೆಯ ಟರ್ಬೊ ಪಾಸ್ಕಲ್ ೧೯೮೩ರಲ್ಲಿ ೪೯ ಡಾಲರು ೯೫ ಸೆಂಟಿಗೆ ಬಂದು ಹವ್ಯಾಸಿಗಳ ಮನೆಮಾತಾಯಿತು. ೧೯೮೭ರ ನಾಲ್ಕನೆಯ ಆವೃತ್ತಿಯಲ್ಲಿ ಭಂಡಾರದ ತುಣುಕುಗಳನ್ನು 'ಯೂನಿಟ್' ಎಂಬ ಘಟಕಗಳಾಗಿ ಕಟ್ಟುವ ಸೌಕರ್ಯ ದೊರೆಯಿತು. ತೊಡಕೇನೆಂದರೆ ನಾಲ್ಕರಲ್ಲಿ ಕಟ್ಟಿದ ಘಟಕದ ಯಂತ್ರರೂಪ ಐದರಲ್ಲಿ ನಡೆಯದು. ಐದರದು ಆರರಲ್ಲಿ ನಡೆಯದು. ಮೂಲಪಾಠವಿದ್ದವನು ಹೊಸ ಕಂಪೈಲರಿಗೆ ಕೊಟ್ಟು ಮತ್ತೆ ಕಟ್ಟಿಕೊಳ್ಳುತ್ತಿದ್ದನು. ಇಲ್ಲದವನು ಭಂಡಾರದ ಒಡೆಯನ ಕೃಪೆಗೆ ಕಾಯಬೇಕು. ಒಡೆಯನು ಅಂಗಡಿ ಮುಚ್ಚಿದ್ದರೆ ಭಂಡಾರವೂ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ಸ್ವಾರಸ್ಯವಾದ ಪ್ರಸಂಗ ತೊಂಬತ್ತರ ದಶಕದ ಕೊನೆಯದು. ಬೋರ್ಲೆಂಡಿನವರದೇ ಆದ 'ಸಿಆರ್‌ಟಿ' ಎಂಬ ಘಟಕವು, ಕ್ರಮವಿಧಿ ಆರಂಭವಾದೊಡನೆ ಯಂತ್ರದ ವೇಗವನ್ನು ಅಳೆಯುತ್ತಿತ್ತು. ಗಡಿಯಾರದ ಒಂದು ಮಿಡಿತದಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲಿ ಸುಮಾರು ೫೫ ಪಾಲಿನಲ್ಲಿ, ಎಷ್ಟು ಸುತ್ತು ಎಣಿಸಬಹುದೆಂದು ನೋಡಿ, ಅದನ್ನು ೫೫ರಿಂದ ಭಾಗಿಸುವುದು. ಭಾಗಲಬ್ಧ ೬೫,೫೩೫ನ್ನು ಮೀರದೆಂದು ಬರೆದವರ ನಂಬಿಕೆ. ಸುಮಾರು ೨೦೦ ಮೆಗಾಹರ್ಟ್ಸ್ ಮತ್ತು ಅದಕ್ಕೂ ಮೇಲಿನ ವೇಗದ ಯಂತ್ರಗಳು ಬಂದಾಗ ಅದು ಮೀರಿತು. ತಮ್ಮಲ್ಲಿ ಯಾವ ದೋಷವೂ ಇಲ್ಲದ ಎಷ್ಟೋ ಕ್ರಮವಿಧಿಗಳು '೨೦೦ನೆಯ ದೋಷ' ಎಂಬ ಸಂದೇಶವನ್ನು ತೋರಿಸಿ, ಒಂದು ಕೆಲಸವನ್ನೂ ಮಾಡುವ ಮೊದಲೇ ನಿಂತುಹೋದವು. ಆಗ ಹವ್ಯಾಸಿಗಳೇ ತಿದ್ದಿದ ಘಟಕಗಳನ್ನೂ, ಯಂತ್ರರೂಪಕ್ಕೆ ತೇಪೆಹಾಕುವ ಸಾಧನಗಳನ್ನೂ ಬರೆದು ಧರ್ಮಾರ್ಥವಾಗಿ ಹಂಚಿದರು. ದೋಷವಿದ್ದುದು ದೊಡ್ಡ ಕಂಪನಿಯ ಪಾಠದಲ್ಲಿ. ತಿದ್ದಿದವರು ಅದರ ಓದುಗರು.

ಭಂಡಾರವನ್ನಿರಿಸಿದ ಮನೆಗಳೂ ಶಾಶ್ವತವಾಗಿರಲಿಲ್ಲ. ಅಮೆರಿಕದ ಸೈನ್ಯಕ್ಕೆ ಸೇರಿದ ವೈಟ್ ಸ್ಯಾಂಡ್ಸ್ ಕ್ಷಿಪಣಿ ಕ್ಷೇತ್ರದ ಗಣಕವೊಂದರಲ್ಲಿ 'ಸಿಮ್‌ಟೆಲ್-೨೦' ಎಂಬ ಮಹಾಸಂಗ್ರಹವಿತ್ತು. ಸಿಡಿಮದ್ದಿನ ಪಕ್ಕದಲ್ಲಿ ಸರಸ್ವತೀಭಂಡಾರ! ೧೯೯೩ರಲ್ಲಿ ಅದನ್ನು ಮುಚ್ಚಿದರು. ಆದರೆ ಅಷ್ಟರಲ್ಲಿ ಪ್ರತಿಗಳು ಬೇರೆಡೆಯ ಗಣಕಗಳಿಗೂ ಸಿಡಿಗಳಿಗೂ ಹೋಗಿದ್ದವಾದ್ದರಿಂದ ಸಂಗ್ರಹ ಉಳಿಯಿತು. ಅಂದಿನ ಪಾಸ್ಕಲ್ ಮೂಲಪಾಠಗಳಲ್ಲಿ ಎಷ್ಟೋ ಇಂದಿನ 'ಫ್ರೀ ಪಾಸ್ಕಲ್' ಕಂಪೈಲರಿನಲ್ಲಿ ಅಲ್ಪಸ್ವಲ್ಪ ತಿದ್ದುಪಡಿಯಿಂದ ಈಗಲೂ ನಡೆಯುತ್ತವೆ.

ಈ ಸಂಗತಿ ನಮಗೆ ದೂರದ್ದೇನೂ ಅಲ್ಲ. ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು 'ಬರಹ' ತಂತ್ರಾಂಶವನ್ನು ಉಚಿತವಾಗಿ ನೀಡಿ ಕನ್ನಡಿಗರಿಗೆ ಮಾಡಿದ ಉಪಕಾರ ಸಾಮಾನ್ಯವಲ್ಲ. ಬಳಿಕ 'ನುಡಿ'ಯೂ ಬಂದಿತು. ಯೂನಿಕೋಡ್ ರೂಢಿಯಾಗುವ ಮುನ್ನ ಇವುಗಳ ಅಕ್ಷರಸಂಕೇತಗಳು ತಮ್ಮ ತಮ್ಮವೇ ಆಗಿದ್ದುದರಿಂದ, ಅಂದು ಟೈಪುಮಾಡಿಟ್ಟ ಲೇಖನಗಳನ್ನು ಆ ಅಕ್ಷರಶೈಲಿಗಳಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ಇವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹವ್ಯಾಸಿಗಳು ಬರೆದು, ಮೂಲಪಾಠ ಸಹಿತ ಕೊಟ್ಟಿದ್ದಾರೆ. ಅವುಗಳ ಹೃದಯಸ್ಥಾನದಲ್ಲಿರುವುದು ಒಂದು ಕೋಷ್ಟಕ: ಎಡಕ್ಕೆ ಹಳೆಯ ಸಂಕೇತ, ಬಲಕ್ಕೆ ಹೊಸತು. ಕಷ್ಟವಿರುವುದು ಅರ್ಕಾವತ್ತಿನಲ್ಲಿ. 'ಧರ್ಮ' ಎಂಬಲ್ಲಿ ಹಳೆಯ ಪಾಠದಲ್ಲಿ ಮಕಾರದ ಅನಂತರ ಅರ್ಕಾವತ್ತು ಬರುತ್ತದೆ. ಯೂನಿಕೋಡಿನಲ್ಲಿ ರೇಫವು ಉಚ್ಚಾರಣೆಯ ಕ್ರಮದಲ್ಲಿ ಮಕಾರಕ್ಕೆ ಮೊದಲೇ ಬರಬೇಕು. ಮಕಾರದ ಜಾಗದಲ್ಲಿ ಒತ್ತಕ್ಷರವೂ ಗುಣಿತವೂ ಸೇರಿದ ವ್ಯಂಜನವಿದ್ದರೆ ರೇಫವನ್ನು ಎಷ್ಟು ಸ್ಥಾನ ಹಿಂದಕ್ಕೊಯ್ಯಬೇಕೆಂಬುದನ್ನು ಕ್ರಮವಿಧಿ ನಿರ್ಣಯಿಸಬೇಕು. ಅದು ಎಲ್ಲಿ ತಪ್ಪುತ್ತದೆಂಬುದನ್ನು ಕಂಡುಹಿಡಿಯಲು ಪಾಸ್ಕಲ್ ಬರಬೇಕಾಗಿಲ್ಲ, ಕಾಗುಣಿತ ಬಂದರೆ ಸಾಕು. ನಮ್ಮ ಸಂಘದ ಹಿಂದಿನ ಸಂಚಿಕೆಗಳ ಕಡತಗಳು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತನ್ನಿರಿ. ಮುಂದಿನ ಭಾನುವಾರ ಶಾಲೆಯ ಗಣಕದಲ್ಲಿ ಪರೀಕ್ಷಿಸಿ ನೋಡೋಣ.