ತಾನಾಗಿ ಒಗೆಯುವ ಯಂತ್ರ ಮತ್ತು ನೀರಿನ ಲೆಕ್ಕ

(ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು ಗೊಬ್ಬರಗಳ ವ್ಯವಹಾರದಲ್ಲಿರುವ ನಾನು ಬಟ್ಟೆ ಒಗೆಯುವ ಯಂತ್ರದ ಕುರಿತು ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ಅಮೆರಿಕದಲ್ಲಿ ಈ ಯಂತ್ರಕ್ಕೂ ಒಕ್ಕಣೆಯ ಕಣಕ್ಕೂ ಹತ್ತಿರದ ನಂಟಿದೆ. ಅಯೋವ ರಾಜ್ಯದ ನ್ಯೂಟನ್ ಪಟ್ಟಣದಲ್ಲಿ 1893ರಲ್ಲಿ ಆರಂಭವಾದ ಮೇಟ್ಯಾಗ್ ಸಂಸ್ಥೆಯು ಮೊದಲು ತಯಾರಿಸುತ್ತಿದ್ದುದು ಒಕ್ಕಣೆ ಯಂತ್ರಗಳಿಗೆ ಬೇಕಾದ ಸಲಕರಣೆಗಳನ್ನು. ಸುಗ್ಗಿ ಮುಗಿದ ಮೇಲೆ ಕಾರ್ಖಾನೆಗೆ ಕೆಲಸ ಸಾಲದು. ಆ ಬಿಡುವನ್ನು ತುಂಬಲೆಂದು 1907ರಲ್ಲಿ ಅದು ಒಗೆಯುವ ಯಂತ್ರವನ್ನು ಹೊರತಂದಿತು. ಮುಂದೆ ಪೆಟ್ರೋಲ್ ಎಂಜಿನ್ ಜೋಡಿಸಿದ ಮಾದರಿಯೂ ಬಂತು. 1930ರ ದಶಕದ ಮಧ್ಯಭಾಗದಲ್ಲೂ ಅಲ್ಲಿನ ಹತ್ತು ರೈತಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು.

ವಿದ್ಯುತ್ ಯಂತ್ರದ ಜನಕ ಆಲ್ವಾ ಫಿಶರ್ ಎಂದು ಹಲವು ಪುಸ್ತಕಗಳು ಹೇಳುತ್ತವೆ. ಆತನಿಗೆ ಪೇಟೆಂಟ್ ದೊರೆತದ್ದು 1910ರಲ್ಲಿ. ಅದಕ್ಕೆ ವರ್ಷಗಳ ಮೊದಲೇ ಇಂಥ ಯಂತ್ರಗಳ ಜಾಹೀರಾತು ಬಂದಿತ್ತು. ಆದ್ದರಿಂದ ಆ ಮಾತು ನಿಲ್ಲುವುದಿಲ್ಲ. ಅದೇನೇ ಇರಲಿ, ಈ ಯಂತ್ರಗಳಲ್ಲಿ ಮೋಟಾರು ಬಟ್ಟೆಯನ್ನು ಕುಲುಕುತ್ತಿತ್ತು, ಅಷ್ಟೆ. ನೀರು ತುಂಬುವುದು, ಬಸಿಯುವುದು, ಮತ್ತೆ ಜಾಲಿಸುವುದು ಗೃಹಿಣಿಯ ಪಾಲಿಗೇ ಉಳಿದಿತ್ತು. ಒದ್ದೆ ಬಟ್ಟೆಯನ್ನು ಕಬ್ಬಿನ ಗಾಣದಂಥ ಎರಡು ಉರುಳೆಗಳ ನಡುವೆ ತೂರಿಸಿ ಹಿಂಡಬೇಕಿತ್ತು. ಆ ಉರುಳೆಗಳಿಗೆ ಬೆರಳು ಕೊಟ್ಟವರು ಅನೇಕರು.

ಆರಂಭದಿಂದ ಕೊನೆಯವರೆಗೆ ಒದ್ದೆ ಬಟ್ಟೆಯನ್ನು ಮುಟ್ಟಬೇಕಿಲ್ಲದ ಯಂತ್ರ ಮನೆಬಳಕೆಗೆ ಬಂದದ್ದು 1937ರಲ್ಲಿ. ಇಂಡಿಯಾನದ ಸೌತ್‌ಬೆಂಡ್‌ನ ಬೆಂಡಿಕ್ಸ್ ಹೋಮ್ ಅಪ್ಲಯನ್ಸಸ್ ಅದರ ತಯಾರಕ. ಮುಂದೆ ಗಾಜಿನ ಕಿಟಕಿ, ಒಳಗೆ ಅಡ್ಡಲಾಗಿ ಮಲಗಿದ ಉರುಳೆ, ಒಂದು ಗಡಿಯಾರದ ಯಂತ್ರ. ನೀರು ಬಿಡುವುದು, ಒಗೆಯುವುದು, ಜಾಲಿಸುವುದು, ಗಿರ್ರನೆ ತಿರುಗಿಸಿ ನೀರು ಹಿಂಡುವುದು ಎಲ್ಲವನ್ನೂ ಆ ಗಡಿಯಾರವೇ ಸರದಿಯಂತೆ ನಡೆಸುತ್ತಿತ್ತು. ಆದರೆ ಬಟ್ಟೆ ಒಂದೇ ಕಡೆ ಗಂಟಾಗಿ ಕೂತರೆ ಯಂತ್ರ ಕುಣಿಯುತ್ತಿತ್ತು. ಆದಕಾರಣ ಅದನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಿತ್ತು. ಬಾಡಿಗೆ ಮನೆಯವರ ಪಾಡನ್ನು ಊಹಿಸಿಕೊಳ್ಳಿ!

1942ರಲ್ಲಿ ಯುದ್ಧದ ನಿಮಿತ್ತ ಇವುಗಳ ತಯಾರಿಕೆ ನಿಂತಿತು. 1947ರಲ್ಲಿ ಮೇಲಿನಿಂದ ಬಟ್ಟೆ ಹಾಕುವ ಸ್ವಯಂಚಾಲಿತ ಯಂತ್ರಗಳನ್ನು ಜನರಲ್ ಎಲೆಕ್ಟ್ರಿಕ್ ಹಾಗೂ ಮುಂದೆ ವರ್ಲ್‌ಪೂಲ್ ಎಂದು ಹೆಸರಾದ ಕಂಪನಿ ಮಾರುಕಟ್ಟೆಗೆ ತಂದವು. ನೆಟ್ಟಗಿನ ತೊಟ್ಟಿ, ನಡುವೆ ಕಡಗೋಲಿನಂತೆ ಹಿಂದೆ ಮುಂದೆ ಆಡುವ ಕಂಬ. ಇದು ಹಳೆಯ ಯಂತ್ರಗಳಿಂದ ಜನರಿಗೆ ಪರಿಚಿತವಾಗಿತ್ತು, ಬೋಲ್ಟೂ ಬೇಕಿರಲಿಲ್ಲ. ಅಮೆರಿಕ ಇದನ್ನೇ ಆರಿಸಿಕೊಂಡಿತು.

ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುವು ಇದೇ. ಮಲಗಿದ ಉರುಳೆಯು ಬಟ್ಟೆಯನ್ನು ಎತ್ತಿ ಎತ್ತಿ ಕೆಡಹುತ್ತದೆ. ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಕು. ಕಡಗೋಲಿನ ತೊಟ್ಟಿಯಲ್ಲಾದರೋ ಬಟ್ಟೆಯೆಲ್ಲ ತೇಲಬೇಕು. ಹಳೆಯ ಅಮೆರಿಕನ್ ಮಾದರಿಗಳು ಒಂದು ಸಲಕ್ಕೆ ಸುಮಾರು 150 ಲೀಟರ್ ನೀರು ಕುಡಿಯುತ್ತಿದ್ದವು. ನಲುಗಾಟವೆಂಬ ಒಂದು ಯಾಂತ್ರಿಕ ತೊಡಕು, ಜೊತೆಗೆ ರೂಢಿ, ಇವೆರಡರಿಂದ ಒಂದು ದೇಶದ ನೀರಿನ ಖರ್ಚು ಅರ್ಧ ಶತಮಾನ ಕಾಲ ನಿಶ್ಚಯವಾಯಿತು. ನೀರು ಇಂಧನಗಳ ಉಳಿತಾಯದ ಮಾತು ಬಲವಾದ ಮೇಲೆ, 1997ರಲ್ಲಿ, ಅದೇ ಮೇಟ್ಯಾಗ್ ಮುಂಬಾಗಿಲಿನ ನೆಪ್ಚೂನ್ ಮಾದರಿಯನ್ನು ತಂದಿತು. ಯುರೋಪಿನ ಮನೆಗಳು ಮುಂಬಾಗಿಲಿನ ಯಂತ್ರಗಳಿಗೆ ಮೊದಲೇ ಒಗ್ಗಿಹೋಗಿದ್ದವು.

ಇನ್ನು ಪುಡಿಯ ವಿಚಾರ. ಗಡುಸು ನೀರಿನಲ್ಲಿ ಸಾಬೂನು ಮಡ್ಡಿ ಕಟ್ಟುತ್ತದೆ. 1946ರಲ್ಲಿ ಬಂದ ಟೈಡ್ ಮಾರ್ಜಕದಲ್ಲಿ ಇದಕ್ಕೆ ಪರಿಹಾರವಾಗಿ ಫಾಸ್ಫೇಟ್ ಇತ್ತು. ಯಂತ್ರವೂ ಪುಡಿಯೂ ಒಂದನ್ನೊಂದು ಬೆಳೆಸಿದವು. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳಿಗೆ ಅಂಟಿ ಕೂತು ಗಿಡಕ್ಕೆ ದಕ್ಕದೆ ಸತಾಯಿಸುವುದನ್ನು ತಾವು ಬಲ್ಲಿರಿ. ಬಚ್ಚಲಿನಿಂದ ನೇರವಾಗಿ ಸರೋವರ ಸೇರಿದ ರಂಜಕಕ್ಕೆ ಅಂಥ ತಡೆಯಿಲ್ಲ. ಅದು ಪಾಚಿಗೆ ಹಬ್ಬದೂಟ. 1960ರ ದಶಕದಲ್ಲಿ ಈರಿ ಸರೋವರ ಪಾಚಿಯಿಂದ ಉಸಿರುಗಟ್ಟಿತು. 1972ರಲ್ಲಿ ಅಮೆರಿಕ ಮತ್ತು ಕೆನಡಾಗಳು ಒಪ್ಪಂದ ಮಾಡಿಕೊಂಡವು, ಮಾರ್ಜಕದ ಫಾಸ್ಫೇಟಿಗೆ ಕಡಿವಾಣ ಬಿತ್ತು, ಸರೋವರ ಚೇತರಿಸಿಕೊಂಡಿತು.

ಆದರೆ ಪಾಚಿ ಮರಳಿ ಬಂದಿದೆ. 2014ರ ಆಗಸ್ಟ್‌ನಲ್ಲಿ ಟೊಲೆಡೊ ನಗರದವರು ಕೆಲವು ದಿನ ನಲ್ಲಿಯ ನೀರನ್ನು ಕುಡಿಯುವಂತಿರಲಿಲ್ಲ. ಈ ಸಲ ರಂಜಕ ಮುಖ್ಯವಾಗಿ ಬಂದದ್ದು ಬಚ್ಚಲಿನಿಂದಲ್ಲ, ಗೊಬ್ಬರ ಹಾಕಿದ ಹೊಲಗಳಿಂದ. ಅದಕ್ಕೆ ಉತ್ತರ ಹೇಳಬೇಕಾದವರು ನನ್ನ ವೃತ್ತಿಯವರು.