ಬರುವ ನೀರು, ಹೋಗುವ ನೀರು



'ಮೂಲಸೌಕರ್ಯ' ಎಂಬ ಮಾತನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ, ಸಭೆ ಸಮಾರಂಭಗಳಲ್ಲಿ ಕೇಳಿದ್ದೀರಿ. ನಿಮ್ಮಲ್ಲಿ ಹಲವರು ಅದರ ಮೇಲೆ ಪ್ರಬಂಧವನ್ನೂ ಬರೆದಿರಬಹುದು. ರಸ್ತೆ, ವಿದ್ಯುತ್ತು, ನೀರು, ಒಳಚರಂಡಿ, ಬಸ್ಸು, ಶಾಲೆ, ಆಸ್ಪತ್ರೆ ಎಂದು ಪಟ್ಟಿ ಹೇಳಿದರೆ ಅಂಕವೇನೋ ಸಿಗುತ್ತದೆ, ವಿಷಯ ಮಾತ್ರ ತಿಳಿಯುವುದಿಲ್ಲ. ಆದ್ದರಿಂದ ಈ ಭಾಷಣದಲ್ಲಿ ಆ ಪಟ್ಟಿಯಿಂದ ಒಂದನ್ನೇ ತೆಗೆದುಕೊಳ್ಳೋಣ: ನೀರು. ಊರೂ ಒಂದೇ ಇರಲಿ: ಹಾಸನ. ಒಂದು ಊರಿಗೆ ನೀರು ಹೇಗೆ ಬರುತ್ತದೆ, ಬಳಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದರೆ, ಬೆಳೆಯುತ್ತಿರುವ ನಮ್ಮ ಎಲ್ಲ ಪಟ್ಟಣಗಳ ಕಷ್ಟವೂ ಅರ್ಥವಾಗುತ್ತದೆ.

ಗೊರೂರಿನಿಂದ ಹಾಸನಕ್ಕೆ

ಹೇಮಾವತಿ ನದಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಬಲ್ಲಾಳರಾಯನ ದುರ್ಗದ ಆಸುಪಾಸಿನ ಬೆಟ್ಟಗಳಲ್ಲಿ. ಸಕಲೇಶಪುರವನ್ನು ದಾಟಿ ಬರುವ ಈ ನದಿಗೆ ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಅದು ಮುಗಿದದ್ದು 1979ರಲ್ಲಿ. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ತುಂಬಿದಾಗ ಅದರಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳಿಂದ ನಾಡಿಗೆಲ್ಲ ಪರಿಚಿತವಾಗಿದ್ದ ಹೊಳೆಯ ದಡದ ಆ ಹಳ್ಳಿ, ಹೀಗೆ ಅಣೆಕಟ್ಟಿನ ಊರೂ ಆಯಿತು.

ಜಲಾಶಯ ಎಂದ ಮೇಲೆ ಮುಳುಗಡೆಯೂ ಇದ್ದದ್ದೇ. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಚಿತ್ರವನ್ನು ನೀವು ನೋಡಿರಬಹುದು. ಹಿನ್ನೀರು ಏರಿದಾಗ ಅರ್ಧ ಮುಳುಗಿ, ಬೇಸಗೆಯಲ್ಲಿ ಬಯಲಾಗಿ ನಿಲ್ಲುವ ಆ ಗೋಡೆಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆದರೆ ಅಲ್ಲಿ ಹಿಂದೆ ಒಂದು ಊರಿತ್ತು. ಹೊಲವಿತ್ತು, ಮನೆಯಿತ್ತು, ಹಿರಿಯರ ಸಮಾಧಿಗಳಿದ್ದವು. ಹಾಗೆ ಎಷ್ಟೋ ಕುಟುಂಬಗಳು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ಇಂದು ಹಾಸನದ ನಲ್ಲಿಗಳಲ್ಲಿ ಬರುತ್ತಿದೆ. ನಲ್ಲಿ ತಿರುಗಿಸುವಾಗ ಇದು ನೆನಪಿದ್ದರೆ ಒಳ್ಳೆಯದು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಳಚರಂಡಿ ಇರುವ ಪಟ್ಟಣಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂದು ನಮ್ಮ ದೇಶದ ಎಂಜಿನಿಯರುಗಳು ಮಾನದಂಡ ಇಟ್ಟುಕೊಂಡಿದ್ದಾರೆ. 2011ರ ಜನಗಣತಿಯ ಹೊತ್ತಿಗೆ ಹಾಸನ ಮತ್ತು ಅದಕ್ಕೆ ಅಂಟಿಕೊಂಡ ಪ್ರದೇಶದಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರು. ಅಂದರೆ ದಿನಕ್ಕೆ ಸುಮಾರು 2 ಕೋಟಿ ಲೀಟರ್. ವರ್ಷಕ್ಕೆ 730 ಕೋಟಿ ಲೀಟರ್. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಭಾಗಿಸಿ ನೋಡಿ. ವರ್ಷವಿಡೀ ಅಷ್ಟು ಜನರಿಗೆ ಬೇಕಾದದ್ದು ಕಾಲು ಟಿಎಂಸಿಯಷ್ಟು!

37 ಟಿಎಂಸಿ ಎಲ್ಲಿ, ಕಾಲು ಟಿಎಂಸಿ ಎಲ್ಲಿ? ಈ ನೀರಿಗೆ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆ ತೋಟಗಳ ಹಕ್ಕಿದೆ, ಕಾವೇರಿ ಕೊಳ್ಳದ ಕೆಳಗಿನವರ ಪಾಲಿದೆ, ನಿಜ. ಆದರೂ ಕುಡಿಯುವುದಕ್ಕೆ ಬೇಕಾಗುವ ಪಾಲು ಬಹಳ ಚಿಕ್ಕದು. ಹಾಗಿದ್ದ ಮೇಲೆ ಇಂಥ ಊರಿನ ಬಡಾವಣೆಗಳಲ್ಲಿ ದಿನ ಬಿಟ್ಟು ದಿನ ನೀರಿಗಾಗಿ ಕಾಯುವುದು ಏಕೆ?

ನೀರು ಕೆಳಗಿದೆ, ಊರು ಮೇಲಿದೆ

ಮೊದಲ ಕಾರಣ ಭೂಗೋಳದಲ್ಲಿದೆ. ಹಾಸನ ಸಮುದ್ರಮಟ್ಟದಿಂದ 3,000 ಅಡಿಗಿಂತ ಎತ್ತರದಲ್ಲಿದೆ. ಜಲಾಶಯ ಅದಕ್ಕಿಂತ ತಗ್ಗಿನಲ್ಲಿದೆ. ನೀರು ತಾನಾಗಿ ಹರಿದು ಬರುವುದಿಲ್ಲ, ಪಂಪಿನಿಂದ ಎತ್ತಬೇಕು. ಲೆಕ್ಕಕ್ಕೆ 70 ಮೀಟರ್ ಎತ್ತಬೇಕೆಂದು ಇಟ್ಟುಕೊಂಡು, ಭೌತಶಾಸ್ತ್ರದಲ್ಲಿ ಕಲಿತ ಸೂತ್ರವನ್ನು ಹಾಕಿ ನೋಡಿ. 2 ಕೋಟಿ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ದಿನಕ್ಕೆ ಸುಮಾರು 3,800 ಯೂನಿಟ್ ವಿದ್ಯುತ್ತು ಬೇಕು. ಪಂಪಿನಲ್ಲಿ ಆಗುವ ನಷ್ಟ, ಮೈಲಿಗಟ್ಟಲೆ ಕೊಳವೆಯ ಘರ್ಷಣೆ, ಮತ್ತೆ ಓವರ್‌ಹೆಡ್ ಟ್ಯಾಂಕಿಗೆ ಏರಿಸುವುದು, ಇವೆಲ್ಲ ಸೇರಿದರೆ ಇನ್ನೂ ಹೆಚ್ಚು. ಆದ್ದರಿಂದ ಕರೆಂಟು ಹೋದರೆ ನೀರೂ ಹೋಗುತ್ತದೆ. ತೊಟ್ಟಿ ತುಂಬಿ ಹೊರಕ್ಕೆ ಹರಿದುಹೋದ ನೀರಿನ ಜೊತೆಗೆ ವಿದ್ಯುತ್ತೂ ಚರಂಡಿಗೆ ಹರಿದಂತೆ.

ಎತ್ತಿದ ನೀರನ್ನು ಹಾಗೆಯೇ ಬಿಡುವಂತಿಲ್ಲ. ಪಟಿಕ ಹಾಕಿ ಮಣ್ಣನ್ನು ಕೆಳಗೆ ಕೂರಿಸಬೇಕು, ಮರಳಿನ ಹಾಸಿನಲ್ಲಿ ಸೋಸಬೇಕು, ಕೊನೆಗೆ ಕ್ಲೋರಿನ್ ಬೆರೆಸಬೇಕು. ಕ್ಲೋರಿನ್ನಿನ ಕೆಲಸ ಶುದ್ಧೀಕರಣ ಘಟಕದಲ್ಲೇ ಮುಗಿಯುವುದಿಲ್ಲ. ಮನೆಯ ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ದಾರಿಯಲ್ಲಿ ರೋಗಾಣು ಸೇರಿದರೆ ಅದನ್ನು ಕೊಲ್ಲಲು ಇಟ್ಟ ಕಾವಲು ಅದು.

ದಾರಿಯಲ್ಲಿ ರೋಗಾಣು ಸೇರುವುದು ಹೇಗೆ? ಕೊಳವೆಯಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವವರೆಗೆ, ಬಿರುಕಿದ್ದರೂ ನೀರು ಹೊರಕ್ಕೆ ಸೋರುತ್ತದೆಯೇ ಹೊರತು ಹೊರಗಿನದು ಒಳಕ್ಕೆ ಬರುವುದಿಲ್ಲ. ನೀರು ನಿಲ್ಲಿಸಿದಾಗ ಒತ್ತಡ ಇಳಿಯುತ್ತದೆ. ಆಗ ಪಕ್ಕದ ಚರಂಡಿಯ ಕೊಳೆ ಅದೇ ಬಿರುಕಿನಿಂದ ಒಳಗೆ ಸೇರಬಹುದು. ಕೆಲವರು ನಲ್ಲಿಯ ಲೈನಿಗೇ ಮೋಟಾರ್ ಹಾಕಿ ಎಳೆಯುತ್ತಾರೆ. ಅದರಿಂದ ಬೀದಿಯ ಕೊನೆಯ ಮನೆಗೆ ನೀರು ತಪ್ಪುವುದಷ್ಟೇ ಅಲ್ಲ, ಕೊಳೆಯನ್ನು ಕೊಳವೆಯೊಳಗೆ ಸೆಳೆದುಕೊಂಡಂತೆಯೂ ಆಗುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ಹಗಲಿರುಳೂ ನೀರು ಬಿಡುವ ಪ್ರಯೋಗ ನಡೆಯಿತು. ಆಮೇಲೆ ಹುಬ್ಬಳ್ಳಿ-ಧಾರವಾಡದಲ್ಲಿ ನೀರಿನ ಮಾದರಿಗಳನ್ನು ಪರೀಕ್ಷಿಸಿದಾಗ, ಬಿಟ್ಟು ಬಿಟ್ಟು ಬರುವ ನೀರಿಗಿಂತ ನಿರಂತರವಾಗಿ ಬರುವ ನೀರು ಹೆಚ್ಚು ಶುದ್ಧವಾಗಿತ್ತು.

ಹೋಗುವ ನೀರು

ಇಲ್ಲಿಯವರೆಗೆ ಹೇಳಿದ್ದು ಬರುವ ನೀರಿನ ಕಥೆ. ಅದಕ್ಕೆ ಪೂಜೆಯಾಗುತ್ತದೆ, ಉದ್ಘಾಟನೆಯಾಗುತ್ತದೆ, ಕಲ್ಲಿನ ಫಲಕ ನಿಲ್ಲುತ್ತದೆ. ಹೋಗುವ ನೀರನ್ನು ಕೇಳುವವರು ಕಡಿಮೆ. ಆದರೆ ಮನೆಗೆ ಬಂದ ನೀರಿನಲ್ಲಿ 100ಕ್ಕೆ 80 ಪಾಲು ಬಚ್ಚಲು, ಪಾಯಿಖಾನೆ, ಅಡುಗೆಮನೆಗಳಿಂದ ಹೊರಕ್ಕೆ ಹೋಗುತ್ತದೆ. 2 ಕೋಟಿ ಲೀಟರ್ ಬಂದರೆ ಸುಮಾರು 1 ಕೋಟಿ 60 ಲಕ್ಷ ಲೀಟರ್ ಕೊಳಚೆ ನೀರು ಪ್ರತಿದಿನ ಎಲ್ಲಿಗಾದರೂ ಹೋಗಲೇಬೇಕು.

ಹಾಸನ ಹೇಗೆ ಬೆಳೆಯಿತು ಎಂಬುದನ್ನು ಇಲ್ಲಿ ನೆನೆಯಬೇಕು. 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಂತು. 1979ರಲ್ಲಿ ಮಂಗಳೂರಿಗೆ ರೈಲುಮಾರ್ಗ ತೆರೆಯಿತು. 1982ರಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ, 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, 2017ರಲ್ಲಿ ಶ್ರವಣಬೆಳಗೊಳದ ಮೂಲಕ ಬೆಂಗಳೂರಿಗೆ ನೇರ ರೈಲು ಬಂದವು. ಕೆಲಸಕ್ಕೆ, ಓದಿಗೆ ಜನ ಬಂದರು. ಸುತ್ತಲಿನ ಹಳ್ಳಿಗಳ ಹೊಲಗಳಲ್ಲಿ ಬಡಾವಣೆಗಳು ಎದ್ದವು.

ಊರಿನ ಅಂಚಿನ ಯಾವುದೇ ಹೊಸ ಬಡಾವಣೆಯನ್ನು ನೋಡಿ. ಮೊದಲು ನಿವೇಶನ ಮಾರಾಟವಾಗುತ್ತದೆ. ಆಮೇಲೆ ಮನೆ ಏಳುತ್ತದೆ, ಬೋರ್‌ವೆಲ್ ಕೊರೆಯುತ್ತಾರೆ, ಕರೆಂಟು ಬರುತ್ತದೆ. ಒಳಚರಂಡಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಬಂದರೆ! ಅಲ್ಲಿಯವರೆಗೆ ಪ್ರತಿ ಮನೆಯ ಮುಂದೆ ಒಂದು ಗುಂಡಿ. 30 ಅಡಿ, 40 ಅಡಿ ಅಗಲದ ನಿವೇಶನಗಳಲ್ಲಿ ಒಂದು ಮನೆಯ ಗುಂಡಿಗೂ ಪಕ್ಕದ ಮನೆಯ ಬೋರ್‌ವೆಲ್ಲಿಗೂ ಎಷ್ಟು ದೂರ ಉಳಿದೀತು? ಗುಂಡಿ ತುಂಬಿದರೆ ನೀರು ಬೀದಿಯ ಚರಂಡಿಗೆ, ಚರಂಡಿಯಿಂದ ತಗ್ಗಿನ ಕೆರೆಗೆ ಸೇರುತ್ತದೆ. ಮಳೆಯ ನೀರನ್ನು ಹಿಡಿದಿಡಲು ಹಿರಿಯರು ಕಟ್ಟಿದ ಕೆರೆ, ತಗ್ಗಿನಲ್ಲಿರುವ ಕಾರಣಕ್ಕೇ ಕೊಳಚೆಯ ತೊಟ್ಟಿಯಾಗುತ್ತದೆ.

ಇದು ಬರಿಯ ದುರ್ವಾಸನೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಬೀದಿಯಲ್ಲಿ ಕಾಲರಾ ಬಂದಾಗ, ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದ ಡಾಕ್ಟರ್ ಜಾನ್ ಸ್ನೋ, ಒಂದು ನೀರಿನ ಪಂಪಿನ ಸುತ್ತಲೇ ಸಾವು ಹೆಚ್ಚಿದೆ ಎಂದು ತೋರಿಸಿಕೊಟ್ಟರು. ಅದು ಹಳೆಯ ಕಾಲದ, ದೂರದೇಶದ ಮಾತು ಎನ್ನಬೇಡಿ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಮೈಸೂರಿನ ಅಂಚಿನ ಕೆ. ಸಾಲುಂಡಿಯಲ್ಲಿ ಹಲವರು ವಾಂತಿಭೇದಿಗೆ ತುತ್ತಾಗಿ, ಒಬ್ಬ ಯುವಕ ತೀರಿಕೊಂಡ. ಪೇಟೆ ಹಳ್ಳಿಯನ್ನು ಮುಟ್ಟುವ ಕಡೆಯಲ್ಲೇ ಇಂಥ ಅಪಾಯ ಹೆಚ್ಚು.

ಯಾರ ಹೊಣೆ?

ಏಕೆಂದರೆ ಹೊಣೆಯ ಗೆರೆಯೂ ಅಲ್ಲೇ ಹಾದುಹೋಗುತ್ತದೆ. ಗೆರೆಯ ಈಚೆಗೆ ಪಟ್ಟಣದ ಆಡಳಿತ. ಆಚೆಗೆ ಗ್ರಾಮ ಪಂಚಾಯತಿ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ದೊಡ್ಡ ನೀರಿನ ಯೋಜನೆ, ಒಳಚರಂಡಿ ಯೋಜನೆಗಳನ್ನು ರೂಪಿಸಿ ಕಟ್ಟುವುದು 1975ರಲ್ಲಿ ಆರಂಭವಾದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ವಿದ್ಯುತ್ತು ಕೊಡುವುದು ಮತ್ತೊಂದು ನಿಗಮ. ಜನ ಒಂದು ಕಚೇರಿಗೆ ಹೋದರೆ 'ಅದು ನಮಗೆ ಬರುವುದಿಲ್ಲ' ಎಂಬ ಉತ್ತರ. ಇನ್ನೊಂದಕ್ಕೆ ಹೋದರೆ 'ಬಡಾವಣೆ ಇನ್ನೂ ಹಸ್ತಾಂತರವಾಗಿಲ್ಲ' ಎಂಬ ಉತ್ತರ. ಇಳಿಜಾರು ಎಲ್ಲಿದೆಯೋ ನೀರು ಅತ್ತ ಹರಿಯುತ್ತದೆ, ಕಚೇರಿಯ ಗೆರೆ ಅದಕ್ಕೆ ತಿಳಿಯದು.

ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಅವುಗಳಿಂದ ಕುಡಿಯುವ ನೀರಿನಂಥ ವಿಷಯಗಳು ಸ್ಥಳೀಯ ಸಂಸ್ಥೆಗಳ ಹೊಣೆಯ ಪಟ್ಟಿಗೆ ಸೇರಿದವು. ಹಾಸನವನ್ನು ಮಹಾನಗರಪಾಲಿಕೆಯಾಗಿ ಮೇಲ್ದರ್ಜೆಗೇರಿಸಿ, ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಳ್ಳುವ ತೀರ್ಮಾನವೂ ಇತ್ತೀಚಿನ ವರ್ಷಗಳಲ್ಲಿ ಆಗಿದೆ. ಇದರಿಂದ ಗೆರೆ ದೂರ ಸರಿಯುತ್ತದೆ, ಒಳ್ಳೆಯದೇ. ಆದರೆ ಬೋರ್ಡು ಬದಲಾದ ಮಾತ್ರಕ್ಕೆ ನೆಲದಡಿಯ ಕೊಳವೆ ತಾನಾಗಿ ಬರುವುದಿಲ್ಲ. ಹೊಸ ಗೆರೆಯ ಆಚೆಗೆ ಮತ್ತೆ ಹೊಸ ಬಡಾವಣೆ ಎದ್ದರೆ ಕಥೆ ಮೊದಲಿನಿಂದ ಶುರು.

ಹಾಗಾದರೆ ಏನಾಗಬೇಕು? ಕ್ರಮ ತಿರುಗಬೇಕು: ಮೊದಲು ನೀರು ಹೋಗುವ ದಾರಿ, ಆಮೇಲೆ ಮನೆ. ಇದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಅಗಲವಾದ ಬೀದಿಗಳನ್ನೂ, ಮನೆಗಳ ಹಿಂದೆ ನೈರ್ಮಲ್ಯಕ್ಕೆಂದೇ ಓಣಿಗಳನ್ನೂ ಮೊದಲೇ ಗುರುತಿಸಿ ಬಿಟ್ಟಿದ್ದರು. ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಅದಕ್ಕೂ ಹಿಂದೆ, ಕೆರೆ ಕಟ್ಟಿದವರು ಏರಿಯ ಜೊತೆಗೇ ತೂಬನ್ನೂ ಕೋಡಿಯನ್ನೂ ಇಟ್ಟರು. ನೀರು ಹಂಚಲು ನೀರುಗಂಟಿಯನ್ನು ನೇಮಿಸಿದರು. ಕೋಡಿಯಿಲ್ಲದ ಕೆರೆ ಒಡೆಯುತ್ತದೆ ಎಂಬುದು ಹಾಸನ ಸೀಮೆಯ ಯಾವ ರೈತನಿಗೆ ಗೊತ್ತಿಲ್ಲ? ಬರುವ ದಾರಿಯ ಜೊತೆಗೆ ಹೋಗುವ ದಾರಿಯನ್ನೂ ಯೋಚಿಸಿದ್ದ ಆ ಬುದ್ಧಿ ಇಂದಿನ ಬಡಾವಣೆಗೂ ಬೇಕು.

ನಿಮ್ಮ ಪಾಲಿನ ಕೆಲಸ

ವಿದ್ಯಾರ್ಥಿಗಳಾದ ನಾವೇನು ಮಾಡಬಲ್ಲೆವು ಎಂದು ನೀವು ಕೇಳಬಹುದು. ಮೊದಲು ತಿಳಿದುಕೊಳ್ಳಿ. ನಿಮ್ಮ ಶಾಲೆಯ ನಲ್ಲಿಯ ನೀರು ಯಾವ ಟ್ಯಾಂಕಿನಿಂದ ಬರುತ್ತದೆ? ಆ ಟ್ಯಾಂಕನ್ನು ಕಡೆಯ ಬಾರಿ ತೊಳೆದದ್ದು ಯಾವಾಗ? ನೀರು ಬಿಡುವ ವಾಟರ್‌ಮನ್ ಅವರನ್ನು ಕೇಳಿ. ಎಂಜಿನಿಯರರಿಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಅವರಿಗೆ ಗೊತ್ತಿರುತ್ತದೆ. ಆರೋಗ್ಯ ಇಲಾಖೆಯವರ ಬಳಿ ಕ್ಲೋರಿನ್ ಅಳೆಯುವ ಸಣ್ಣ ಉಪಕರಣವಿರುತ್ತದೆ. ನೀರಿಗೆ ದ್ರಾವಣದ ಹನಿ ಹಾಕಿದಾಗ ಬರುವ ಹಳದಿ ಬಣ್ಣವನ್ನು ನೋಡಿ ಹೇಳುತ್ತಾರೆ. ನಿಮ್ಮ ಶಾಲೆಯಲ್ಲಿ ಒಮ್ಮೆ ತೋರಿಸಿಕೊಡಲು ವಿನಂತಿಸಿ. ನಿಮ್ಮ ಬೀದಿಯ ಚರಂಡಿ ಎಲ್ಲಿಗೆ ಮುಟ್ಟುತ್ತದೆ ಎಂದು ಹಿರಿಯರೊಬ್ಬರ ಜೊತೆ ನಡೆದು ನೋಡಿ, ನಕ್ಷೆ ಬರೆಯಿರಿ. ನಾಲ್ಕು ಜನ ಸೇರಿ ಬರೆದ ಅಂಥ ನಕ್ಷೆಯೊಂದನ್ನು ವಾರ್ಡಿನ ಸದಸ್ಯರ ಮುಂದೆ ಅಥವಾ ಗ್ರಾಮಸಭೆಯಲ್ಲಿ ಇಟ್ಟರೆ ನೂರು ದೂರಿಗಿಂತ ಹೆಚ್ಚು ಕೆಲಸವಾಗುತ್ತದೆ. ಉತ್ತರ ಬಾರದಿದ್ದರೆ ಮನೆಯ ಹಿರಿಯರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು.

ಮನೆ ಕಟ್ಟಲು ನಿವೇಶನ ನೋಡುವಾಗ ದೊಡ್ಡವರು ವಾಸ್ತು ಕೇಳುತ್ತಾರೆ, ಬೆಲೆ ಕೇಳುತ್ತಾರೆ. 'ಇಲ್ಲಿಯ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ?' ಎಂಬ ಪ್ರಶ್ನೆಯನ್ನು ನೀವು ಕೇಳಿ. ಮ್ಯಾನ್‌ಹೋಲಿಗೆ ಬಟ್ಟೆ, ಪ್ಲಾಸ್ಟಿಕ್ ಹಾಕದಂತೆ ಮನೆಯವರಿಗೆ ತಿಳಿಹೇಳಿ. ಅದು ಕಟ್ಟಿಕೊಂಡಾಗ ಒಳಗಿಳಿದು ಪ್ರಾಣ ಬಿಟ್ಟ ಬಡವರು ಎಷ್ಟೋ ಮಂದಿ. 2013ರ ಕಾಯ್ದೆ ಮಲಗುಂಡಿಗೆ, ಮ್ಯಾನ್‌ಹೋಲಿಗೆ ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದು ಸಾರಿದೆ.

ಹೇಮಾವತಿ ಗೊರೂರಿನಲ್ಲಿ ನಿಲ್ಲುವುದಿಲ್ಲ. ಹೊಳೆನರಸೀಪುರವನ್ನು ಮುಟ್ಟಿ, ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಮೈಸೂರು, ಮಂಡ್ಯ, ಬೆಂಗಳೂರುಗಳು ಕುಡಿಯುವುದು ಕಾವೇರಿಯ ನೀರನ್ನೇ. ನಮ್ಮ ಮನೆಯಿಂದ ಹೋಗುವ ನೀರು ಕೆಳಗಿನ ಊರಿನವರಿಗೆ ಬರುವ ನೀರು; ನಮಗೆ ಬರುವ ನೀರು ಮೇಲಿನ ಊರಿನವರು ಬಿಟ್ಟುಕೊಟ್ಟ ನೀರು. ಈ ಒಂದು ಮಾತು ಮನಸ್ಸಿನಲ್ಲಿ ಉಳಿದರೆ, ಮುಂದೆ ನೀವು ಎಂಜಿನಿಯರಾಗಿ, ಅಧಿಕಾರಿಯಾಗಿ, ವಾರ್ಡಿನ ಸದಸ್ಯರಾಗಿ ಅಥವಾ ಬರಿಯ ಮನೆಯ ಯಜಮಾನರಾಗಿ ನಕ್ಷೆಯೊಂದಕ್ಕೆ ಸಹಿ ಹಾಕುವ ದಿನ, ಮೊದಲು ಚರಂಡಿ ಎಲ್ಲಿದೆ ಎಂದು ನೋಡಿ ಆಮೇಲೆ ಸಹಿ ಹಾಕುತ್ತೀರಿ.